ಕಡಲು ಕೆರೆಯಲ್ಲ, ಬಂಧುಗಳೇ!



ರಜೆ ಬಂತೆಂದರೆ ಬಯಲುಸೀಮೆಯ ನಾವು ಮಕ್ಕಳನ್ನು ಕಟ್ಟಿಕೊಂಡು ಕರಾವಳಿಗೆ ಹೊರಡುತ್ತೇವೆ. ಕೆರೆಯ ನೀರು ಬೇರೆ, ಕಡಲಿನ ಸೆಳೆತವೇ ಬೇರೆ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಮರೆಯಬಹುದೇ?

ಹೆಸರು ಕೇಳಿ ಕಡಲತೀರ ಆರಿಸಬೇಡಿ. ಜೀವರಕ್ಷಕರಿದ್ದಾರೆಯೇ ಎಂದು ವಿಚಾರಿಸಿ ಆರಿಸಿ. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತು. ಅಲ್ಲಿಯೂ ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ಮಳೆಗಾಲದಲ್ಲಂತೂ ದಡದ ಮರಳೇ ಸಾಕು. ಎಲ್ಲೇ ಆಗಲಿ, ಮಗುವಿನ ಕೈ ಬಿಡಬೇಡಿ.

ಎಚ್ಚರಿಕೆಯ ಫಲಕ ಕನ್ನಡದಲ್ಲಿಲ್ಲವೇ? ಸುಮ್ಮನೆ ಬರಬೇಡಿ, ಸಂಬಂಧಪಟ್ಟವರನ್ನು ಕೇಳಿ, ಹಾಕಿಸಿ. ಓದಲಾಗದ ಎಚ್ಚರಿಕೆ ಯಾರ ಮಗುವನ್ನು ಉಳಿಸೀತು?