ಒಂದು ಡಿಸ್ಕು ಕೆಟ್ಟ ಮೇಲೆ

ತನ್ನ ಅಂಗವೊಂದು ಕೆಟ್ಟರೂ ಅದನ್ನು ಹೊರಗೆ ತೋರಗೊಡದೆ ದುಡಿಯುವ ಯಂತ್ರವುಂಟೆಂದರೆ ವಾಚಕರಿಗೆ ಸಂತೋಷವಾದೀತು. ಸರ್ವರುಗಳಲ್ಲಿ ಬಳಸುವ ರೇಡ್ ಎಂಬ ಡಿಸ್ಕುಗಳ ಕೂಟವು ಅಂಥದು. ಆದರೆ ಅದರ ಈ ಗುಣವೇ ಅದರ ದೊಡ್ಡ ಅಪಾಯವೂ ಹೌದೆಂಬುದನ್ನು ಮನಗಂಡವರು ಕಡಮೆ. ಕಚೇರಿಗಳಲ್ಲಿ ಮಾತ್ರವಲ್ಲ, ಫೋಟೋ ಸ್ಟುಡಿಯೋಗಳಲ್ಲಿಯೂ, ಮಗುವಿನ ನಾಮಕರಣದಿಂದ ಅಜ್ಜನ ಷಷ್ಟ್ಯಬ್ದಿಯವರೆಗಿನ ಚಿತ್ರಗಳನ್ನು ಕೂಡಿಟ್ಟ ಮನೆಗಳಲ್ಲಿಯೂ ಇಂದು ಇಂಥ ಪೆಟ್ಟಿಗೆಗಳು ಕಾಣಸಿಗುವುದರಿಂದ ಈ ಮಾತನ್ನು ಇಲ್ಲಿ ಎತ್ತಬೇಕಾಯಿತು.

ಈ ಯೋಜನೆಯನ್ನು ವಿವರಿಸಿ ಅದಕ್ಕೆ ಹೆಸರಿಟ್ಟವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಸ್. ಅವರ ಪ್ರಬಂಧ ೧೯೮೮ರಲ್ಲಿ ಪ್ರಕಟವಾಯಿತು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಚಿಕ್ಕ ಡಿಸ್ಕುಗಳನ್ನು ಜೋಡಿಸಿದರೇನು ಎಂಬುದೇ ಅವರ ವಿಚಾರ. ಮಡಕೆಗಳು ಹೆಚ್ಚಿದಷ್ಟೂ ಒಂದಲ್ಲ ಒಂದು ಒಡೆಯುವ ಸಂಭವವೂ ಹೆಚ್ಚಷ್ಟೆ. ಆದುದರಿಂದ ಒಂದು ಕೆಟ್ಟರೂ ಉಳಿದವುಗಳಿಂದ ಅದರ ಮಾಹಿತಿಯನ್ನು ಮರಳಿ ಪಡೆಯುವ ಉಪಾಯವನ್ನೂ ಅವರು ಸೇರಿಸಿದರು.

ಆ ಉಪಾಯ ಬಹು ಸರಳವಾದುದು. ಕಂಪ್ಯೂಟರಿನ ಬರಹವೆಲ್ಲ ಸೊನ್ನೆ ಮತ್ತು ಒಂದು. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ ೧, ೦, ೧ ಎಂದಿರಲಿ. ಒಂದುಗಳ ಸಂಖ್ಯೆ ಎರಡು, ಸಮ. ಆಗ ನಾಲ್ಕನೆಯದರಲ್ಲಿ ೦ ಬರೆಯುತ್ತಾರೆ. ಬೆಸವಾಗಿದ್ದರೆ ೧ ಬರೆಯುತ್ತಿದ್ದರು. ಈಗ ಮೂರನೆಯದು ಹಾಳಾಯಿತೆನ್ನಿ. ಒಟ್ಟಿನಲ್ಲಿ ಒಂದುಗಳು ಸಮವಾಗಿರಬೇಕಾದುದರಿಂದ ಕಳೆದುಹೋದ ಅಂಕಿ ೧ ಎಂದು ಯಂತ್ರ ಲೆಕ್ಕ ಹಾಕಿಕೊಳ್ಳುತ್ತದೆ. ರೇಡ್ ೫ ಎಂಬ ಬಗೆಯಲ್ಲಿ ಈ ಲೆಕ್ಕದ ಅಂಕಿಗಳನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿರುತ್ತಾರೆ. ೪ ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ ನಮಗೆ ದೊರೆಯುವ ಜಾಗ ೧೬ ಅಲ್ಲ, ೧೨. ರೇಡ್ ೬ರಲ್ಲಿ ೮ ಮಾತ್ರ. ಆದರೆ ಅಲ್ಲಿ ಎರಡು ಕೆಟ್ಟರೂ ಮಾಹಿತಿ ಉಳಿಯುತ್ತದೆ.

ಇನ್ನು ಮುಖ್ಯ ವಿಷಯ. ರೇಡ್ ೫ರಲ್ಲಿ ಒಂದು ಡಿಸ್ಕು ಕೆಟ್ಟಾಗ ಏನಾಗುತ್ತದೆ? ನೋಡುವವರ ಪಾಲಿಗೆ ಏನೂ ಆಗುವುದಿಲ್ಲ. ಕಡತಗಳು ತೆರೆಯುತ್ತವೆ, ಚಿತ್ರಗಳು ಮೂಡುತ್ತವೆ. ಎಲ್ಲೋ ಬೀಗ ಹಾಕಿದ ಕೋಣೆಯಲ್ಲಿ ಹಸುರು ದೀಪವೊಂದು ಹಳದಿಗೋ ಕೆಂಪಿಗೋ ತಿರುಗುತ್ತದೆ, ಅಷ್ಟೆ. ಎಚ್ಚರಿಕೆಯ ಪತ್ರವು ಎಂದೋ ಕೆಲಸ ಬಿಟ್ಟುಹೋದವನ ವಿಳಾಸಕ್ಕೆ ಹೋಗುವುದೂ ಉಂಟು. ಆ ಗಳಿಗೆಯಿಂದ ಕೂಟಕ್ಕೆ ಯಾವ ರಕ್ಷಣೆಯೂ ಇಲ್ಲ. ಎರಡನೆಯದು ಕೆಟ್ಟ ದಿನ ಎಲ್ಲವೂ ಒಮ್ಮೆಲೇ ಹೋಗುತ್ತದೆ.

ದೀಪವನ್ನು ಕಂಡವರೂ ಅವಸರಪಡಬಾರದು. ಹಲವು ಯಂತ್ರಗಳು ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತವೆ. ಮನುಷ್ಯನು ಒಂದರಿಂದ ಎಣಿಸುತ್ತಾನೆ. ‘ಎರಡನೆಯದು ಕೆಟ್ಟಿದೆ’ ಎಂಬ ಸೂಚನೆಯನ್ನು ನಂಬಿ ಗಟ್ಟಿಯಾಗಿರುವ ಡಿಸ್ಕನ್ನೇ ಎಳೆದರೆ ಕೂಟವು ಅಲ್ಲಿಗೇ ನಿಲ್ಲುತ್ತದೆ. ಪ್ರತಿಯೊಂದು ಡಿಸ್ಕಿನ ಸೀರಿಯಲ್ ನಂಬರನ್ನು ಅದರ ಸ್ಥಾನದೊಡನೆ ಮೊದಲೇ ಬರೆದು ಅಂಟಿಸಿಡುವುದು ಜಾಣತನ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿರಕೂಡದು. ಒಂದನ್ನು ಮುಂಚಿತವಾಗಿಯೇ ಕೊಂಡಿಟ್ಟಿದ್ದರೆ ಇನ್ನೂ ಒಳ್ಳೆಯದು.

ಹೊಸದನ್ನು ಕೂಡಿಸಿದೊಡನೆ ಗಂಡಾಂತರ ಕಳೆಯಿತೆಂದೂ ತಿಳಿಯಬಾರದು. ೪ ಟೆರಾಬೈಟನ್ನು ಸೆಕೆಂಡಿಗೆ ೧೫೦ ಮೆಗಾಬೈಟಿನಂತೆ ತುಂಬಿದರೂ ಏಳು ಗಂಟೆಗೆ ಮಿಕ್ಕಿ ಹಿಡಿಯುತ್ತದೆ; ನಡುವೆ ನಿತ್ಯದ ಕೆಲಸವೂ ನಡೆದರೆ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ವರ್ಷಗಳಿಂದ ಯಾರೂ ಮುಟ್ಟದ ಮೂಲೆಯ ದೋಷ ಹೊರಬೀಳುವುದು ಆಗಲೇ. ಆದುದರಿಂದ ಆರೋಗ್ಯದ ದಿನಗಳಲ್ಲಿಯೇ ತಿಂಗಳಿಗೊಮ್ಮೆ ಎಲ್ಲವನ್ನೂ ಓದಿಸಿ ಪರೀಕ್ಷಿಸತಕ್ಕದ್ದು. ೨೦೦೭ರಲ್ಲಿ ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಪ್ರಕಟಿಸಿದ ವರದಿಯ ಪ್ರಕಾರ, ಇಂಥ ಪರೀಕ್ಷೆಯಲ್ಲಿ ಮೊದಲ ದೋಷವನ್ನು ತೋರಿದ ಡಿಸ್ಕು ಮುಂದಿನ ೬೦ ದಿನಗಳಲ್ಲಿ ಕೆಡುವ ಸಂಭವವು ದೋಷವಿಲ್ಲದವುಗಳಿಗಿಂತ ೩೯ ಪಟ್ಟು ಹೆಚ್ಚು.

ಇಷ್ಟೆಲ್ಲ ಮಾಡಿದರೂ ರೇಡ್ ಬ್ಯಾಕಪ್ ಅಲ್ಲ. ಡಿಸ್ಕು ಸತ್ತರೆ ಅದು ಕಾಪಾಡೀತು. ‘ಅಳಿಸು’ ಎಂದು ನಾವೇ ಆಜ್ಞೆಯಿತ್ತರೆ ಎಲ್ಲ ಡಿಸ್ಕುಗಳಿಂದಲೂ ನಿಷ್ಠೆಯಿಂದ ಅಳಿಸೀತು. ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಚಿತ್ರದ ಬಹುಭಾಗವು ತಪ್ಪು ಆಜ್ಞೆಯೊಂದರಿಂದ ಅಳಿಸಿಹೋಯಿತು. ಬ್ಯಾಕಪ್ಪೂ ಸರಿಯಾಗಿಲ್ಲವೆಂದು ತಿಳಿದದ್ದು ಆಗಲೇ. ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ದುಡಿಯುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬಾಕೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರಕ್ಕೆ ಮರುಜೀವ ಕೊಟ್ಟಿತು. ಬೇರೊಂದು ಮನೆಯಲ್ಲಿ ಬೇರೊಂದು ಪ್ರತಿ ಇರಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನೆನಪುಗಳನ್ನು ಇಂಥ ಪೆಟ್ಟಿಗೆಗೆ ಒಪ್ಪಿಸಿರುವ ವಾಚಕರು ಈ ಸಂಚಿಕೆಯ ಧಾರಾವಾಹಿಗೆ ಪುಟ ತಿರುಗಿಸುವ ಮುನ್ನ ಒಮ್ಮೆ ಎದ್ದುಹೋಗಿ ಅದರ ದೀಪಗಳನ್ನು ನೋಡಿ ಬರಲಿ. ಎಲ್ಲವೂ ಹಸುರಾಗಿದ್ದರೆ ಕಥೆಯನ್ನು ನೆಮ್ಮದಿಯಿಂದ ಓದಬಹುದು.