ಕ್ರೋಮಿನ ಲೇಪ ಬೇಕು, ಅದರ ವಿಷ ಬೇಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ಹಗಲಿರುಳೆನ್ನದೆ ದುಡಿಯುವ ಜೆಸಿಬಿ, ಬೋರು ಕೊರೆಯುವ ಗಾಡಿ, ಮಣ್ಣು ಸುರಿಯುವ ಟ್ರ್ಯಾಲಿಗಳ ಸಮಸ್ತ ಭಾರವನ್ನೂ ಹೈಡ್ರಾಲಿಕ್ ಸಿಲಿಂಡರಿನ ಉಕ್ಕಿನ ರಾಡೊಂದು ಹೊರುತ್ತದೆಂದು ಬಲ್ಲವರು ಸಹ, ಆ ರಾಡಿನ ಕನ್ನಡಿಯಂಥ ಹೊಳಪು ಕೇವಲ ಅಲಂಕಾರಾರ್ಥವಾದುದಲ್ಲವೆಂಬುದನ್ನು ಅಷ್ಟಾಗಿ ಆಲೋಚಿಸಿರಲಾರರು.

ಅದು ಹಾರ್ಡ್ ಕ್ರೋಮ್ ಪ್ಲೇಟಿಂಗ್. ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ, ಆಮ್ಲದ ನೂರು ಪಾಲಿಗೆ ಸಲ್ಫೇಟು ಒಂದು ಪಾಲಿರುವಂತೆ ಕಾಪಾಡಿಕೊಂಡು, ಮುಳುಗಿಸಿದ ರಾಡಿಗೆ ತಾಸುಗಟ್ಟಲೆ ವಿದ್ಯುತ್ತನ್ನು ಹಾಯಿಸಿದರೆ ಕೂಡಿಬರುವ ತೆಳುಪದರವು ವಿಕರ್ಸ್ ಮಾನದಲ್ಲಿ 800ರಿಂದ 1000ದವರೆಗಿನ ಕಾಠಿನ್ಯವನ್ನು, ಎಂದರೆ ಸಾಧಾರಣ ಉಕ್ಕಿನ ನಾಲ್ಕೈದು ಪಟ್ಟನ್ನು, ಪಡೆಯುತ್ತದೆ. ಘರ್ಷಣೆ ತಗ್ಗುತ್ತದೆ, ತುಕ್ಕು ದೂರವಿರುತ್ತದೆ. ಧೂಳಿನ ಉಜ್ಜಾಟದಿಂದ ಗೀರುಬಿದ್ದು, ಸೀಲ್ ಹರಿದು, ಎಣ್ಣೆ ಸೋರತೊಡಗಿದ ರಾಡನ್ನು ಗುಜರಿಗೆ ಹಾಕಬೇಕಾದ ಅಗತ್ಯವಿಲ್ಲ: ಬಾಗಿರದಿದ್ದಲ್ಲಿ ಹಳೆಯ ಕ್ರೋಮನ್ನು ಕಳಚಿ, ಮತ್ತೆ ಲೇಪಿಸಿ, ಅಳತೆಗೆ ಗ್ರೈಂಡ್ ಮಾಡಿದರೆ ಅದು ಪುನಃ ಕಾರ್ಯಕ್ಷಮವಾಗುತ್ತದೆ. ಮಿತವ್ಯಯವೆಂದರೆ ಇದೇ.

ಇಂಥ ಉಪಯುಕ್ತ ವಿದ್ಯೆ ತಾಲ್ಲೂಕು ತಾಲ್ಲೂಕಿಗೂ ಬರಲೆಂಬ ಅಪೇಕ್ಷೆ ಸಹಜವಾದರೂ, ನಾನು ಅದನ್ನು ಅನುಮೋದಿಸಲಾರೆ. ತೊಟ್ಟಿಗೆ ಹಾಯಿಸಿದ ವಿದ್ಯುತ್ತಿನಲ್ಲಿ ಐದನೆಯ ಒಂದು ಪಾಲೂ ಲೋಹಲೇಪನಕ್ಕೆ ಸಲ್ಲುವುದು ವಿರಳ. ಉಳಿದುದರ ಬಹುಪಾಲಿನಿಂದ ಹುಟ್ಟುವ ಜಲಜನಕದ ಗುಳ್ಳೆಗಳು ಆಮ್ಲವನ್ನು ಮಂಜಾಗಿ ಮೇಲಕ್ಕೊಯ್ಯುತ್ತವೆ. ಆ ಮಂಜನ್ನು ವರ್ಷಾನುವರ್ಷ ಉಸಿರಾಡಿದ ಕಾರ್ಮಿಕನ ಮೂಗಿನ ನಡುಗೋಡೆ ತೂತುಬೀಳಬಹುದು, ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಬಹುದು. ನೀರಿನ ಮಾತಂತೂ ಇನ್ನೂ ಗಂಭೀರ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆಂದು ಭಾರತೀಯ ಮಾನಕವು ವಿಧಿಸಿರುವಾಗ, ಬಡಗಣ ಎಲ್ಲೆಯಲ್ಲಿ ಭೀಮೆಯನ್ನೂ ತೆಂಕಣದಲ್ಲಿ ಕೃಷ್ಣೆಯನ್ನೂ ನೆಚ್ಚಿ ಬಾಳುವ ಈ ಸೀಮೆಯಲ್ಲಿ, ಹಿತ್ತಲ ಶೆಡ್ಡೊಂದರ ತೊಳೆನೀರು ಚರಂಡಿಗಿಳಿಯುವುದನ್ನು ಯಾರು ಕಾಯುವರು?

ಶುದ್ಧೀಕರಣವೇನೋ ದುಸ್ಸಾಧ್ಯವಲ್ಲ. ಸೋಡಿಯಂ ಬೈಸಲ್ಫೈಟಿನಿಂದ ವಿಷಕರ ಕ್ರೋಮಿಯಮ್ಮನ್ನು ಸೌಮ್ಯರೂಪಕ್ಕಿಳಿಸಿ, ಸುಣ್ಣ ಬೆರೆಸಿ ಮಡ್ಡಿಯಾಗಿ ತಳಕ್ಕಿಳಿಸಬಹುದು. ಆದರೆ ಆ ವೆಚ್ಚವನ್ನೂ ನಿತ್ಯಪರೀಕ್ಷೆಯನ್ನೂ ಸಣ್ಣ ಗ್ಯಾರೇಜಿನವನು ನಿರ್ವಹಿಸಲಾರನು. ಆದುದರಿಂದ ಸಿಲಿಂಡರನ್ನು ಬಿಚ್ಚುವ, ಸೀಲ್ ಬದಲಿಸುವ ಕೆಲಸಗಳು ತಾಲ್ಲೂಕುಗಳಲ್ಲಿಯೇ ನಡೆಯಲಿ. ಪ್ಲೇಟಿಂಗಿಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವು ವಿಜಯಪುರದಲ್ಲಿ ಶುದ್ಧೀಕರಣ ಘಟಕ ಸಹಿತವಾದ ಒಂದು ಸಾಮುದಾಯಿಕ ಕಾರ್ಯಾಗಾರವನ್ನು ಏರ್ಪಡಿಸಲಿ. ಅದಾಗುವವರೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯು ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೋಮಿನ ಒಂದು ತೊಟ್ಟಿಗೂ ಅನುಮತಿ ಕೊಡತಕ್ಕದ್ದಲ್ಲ.