ಮನೆಯೊಳಗಿನ ಆಯುಧ ಯಾರ ಕೈಗೆ?



ಶಿಗ್ಗಾಂವಿ ತಾಲೂಕಿನ ಒಂದು ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಮೂಲೆಯಲ್ಲಿ ಕುಳಿತಿದ್ದ ಒಬ್ಬ ತಂಗಿ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾರ, ನಾ ರಾತ್ರಿ ತಲಿದಿಂಬಿನ ಬುಡಕ ಕುಡಗೋಲು ಇಟಗೊಂಡು ಮಲಗತೇನ್ರಿ. ಕಾಯ್ದೆ ಪ್ರಕಾರ ಇದು ತಪ್ಪೇನ್ರಿ?"

ಯಾರೂ ನಗಲಿಲ್ಲ, ಯಾರಿಗೂ ಆಶ್ಚರ್ಯವೂ ಆಗಲಿಲ್ಲ. ಆಶ್ಚರ್ಯವಾಗದೇ ಇದ್ದದ್ದೇ ನನ್ನನ್ನು ಹೆದರಿಸಿತು. ಅಂದು ನಾನು ಅರ್ಧ ಉತ್ತರ ಕೊಟ್ಟು ಬಸ್ಸು ಹತ್ತಿದೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಯ್ದೆಯ ಮಾತು. ನಮ್ಮ ದೇಶದಲ್ಲಿ ಆಯುಧಗಳನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬಂದೂಕು, ಪಿಸ್ತೂಲು ಯಾವುದಿದ್ದರೂ ಲೈಸೆನ್ಸ್ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸರ ವರದಿ ಆಗಬೇಕು. ನಮ್ಮ ಕಡೆ ಅರ್ಜಿ ಹೋಗಬೇಕಾದದ್ದು ಹಾವೇರಿಯ ಜಿಲ್ಲಾಧಿಕಾರಿಗಳಿಗೆ. ಲೈಸೆನ್ಸ್ ಇಲ್ಲದೆ ನಾಡಬಂದೂಕು ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. ಕತ್ತಿ, ಖಂಜರಗಳ ವಿಷಯದಲ್ಲಿ, 2016ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇದ್ದರೆ, ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅವಕ್ಕೂ ಲೈಸೆನ್ಸ್ ಬೇಕಾಗುತ್ತದೆ.

ಆದರೆ ಮನೆಬಳಕೆಗೆ ಮತ್ತು ಒಕ್ಕಲುತನಕ್ಕೆ ಎಂದೇ ಮಾಡಿದ ಸಾಮಾನುಗಳನ್ನು ಈ ಕಾಯ್ದೆ ಆಯುಧವೆಂದು ಎಣಿಸುವುದಿಲ್ಲ. ಲಾಠಿಯನ್ನೂ ಊರುಗೋಲನ್ನೂ ಅದು ಹೆಸರು ಹಿಡಿದೇ ಹೊರಗಿಟ್ಟಿದೆ. ಹಾಗಾಗಿ ಖಂಡೇನವಮಿಯ ದಿನ ನಾವು ಅರಿಷಿಣ ಕುಂಕುಮ ಹಚ್ಚುವ ಕುಡಗೋಲು, ಕೊಡಲಿ, ಈಳಿಗೆ, ಒನಕೆ ಯಾವುದಕ್ಕೂ ಲೈಸೆನ್ಸ್ ಬೇಡ. ಖಾರದಪುಡಿಗೂ ಬೇಡ, ಪೇಟೆಯಲ್ಲಿ ಸಿಗುವ ಪೆಪ್ಪರ್ ಸ್ಪ್ರೇಗೂ ಬೇಡ. ಆ ತಂಗಿಗೆ ನಾನು ಅಂದು ಕೊಟ್ಟ ಉತ್ತರ ಇಷ್ಟೇ: ಇಟ್ಟುಕೊಳ್ಳುವುದು ತಪ್ಪಲ್ಲ.

ಇಟ್ಟುಕೊಳ್ಳುವುದು ಬೇರೆ, ಎತ್ತುವುದು ಬೇರೆ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಜಗಳದ ಮೊಕದ್ದಮೆ ನಮ್ಮ ಹೈಕೋರ್ಟಿನ ಮುಂದೆ ಬಂದಿತ್ತು. ಪೆಪ್ಪರ್ ಸ್ಪ್ರೇ ಹೊಡೆದವರು ನಾವು ಆತ್ಮರಕ್ಷಣೆಗೆ ಹೊಡೆದೆವು ಎಂದರು. ಆ ಗಳಿಗೆಯಲ್ಲಿ ಪ್ರಾಣಕ್ಕೆ ಅಪಾಯವಿದ್ದಂತೆ ಕಾಣುವುದಿಲ್ಲ, ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧವೇ ಎಂದು ಹೇಳಿ ನ್ಯಾಯಾಲಯ ಮೊಕದ್ದಮೆ ರದ್ದು ಮಾಡಲು ಒಪ್ಪಲಿಲ್ಲ. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಕೇಸು ಬೀಳುವುದಿಲ್ಲ ಎಂದು ತಿಳಿಯಬಾರದು.

ಹಾಗಾದರೆ ಹೆಣ್ಣಿಗೆ ಆತ್ಮರಕ್ಷಣೆಯ ಹಕ್ಕು ಇಲ್ಲವೇ? ಖಂಡಿತ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಆ ಹಕ್ಕನ್ನು ಹೇಳಿದೆ. ಹಿಂದೆ ಇದು ದಂಡಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿ ಇತ್ತು. ಮೈಮೇಲೆ ಬಂದವನು ಕೈಹಿಡಿದ ಗಂಡನೇ ಆಗಿದ್ದರೆ ಸಹಿಸಿಕೊಂಡಿರು ಎಂದು ಅದು ಹೇಳುವುದಿಲ್ಲ. ಜೀವ ಹೋಗುವ ಭಯ, ತೀವ್ರ ಗಾಯದ ಭಯ, ಆ್ಯಸಿಡ್ ಎರಚುವ ಭಯ ಎದುರಿಗಿದ್ದಾಗ ತಡೆಯಲು ಹೋಗಿ ದಾಳಿ ಮಾಡಿದವನ ಪ್ರಾಣವೇ ಹೋದರೂ ಅದು ಅಪರಾಧವಲ್ಲ. ಆದರೆ ತಡೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಸಲ್ಲದು. ಅಪಾಯ ಮುಗಿದೊಡನೆ ಹಕ್ಕೂ ಮುಗಿಯುತ್ತದೆ. ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಹಕ್ಕೇ ಹುಟ್ಟುವುದಿಲ್ಲ.

ಈ ಕಲಮುಗಳ ಮೂಲ ಮಾತು 1860ರದು. ಬಯಲಿನಲ್ಲಿ ಎದುರಾದ ಇಬ್ಬರು ಗಂಡಸರ ಜಗಳವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಂತಿದೆ. ಹತ್ತು ವರ್ಷ ಪೆಟ್ಟು ತಿಂದವಳಿಗೆ ಅವನು ಎಚ್ಚರವಿದ್ದಾಗ ಕೈ ಎತ್ತುವ ಧೈರ್ಯ ಇರುವುದಿಲ್ಲ. ಅವನು ನಿದ್ದೆಹೋದಾಗ ಎತ್ತಿದರೆ ಕಾಯ್ದೆ ಅದನ್ನು ಆತ್ಮರಕ್ಷಣೆ ಎನ್ನುವುದಿಲ್ಲ, ಕೊಲೆ ಎನ್ನುತ್ತದೆ. ಜೈಲಿಗೆ ಅವಳು ಹೋಗುತ್ತಾಳೆ, ಮಕ್ಕಳು ದಿಕ್ಕಿಲ್ಲದವರಾಗುತ್ತಾರೆ.

ನಮ್ಮ ಮಕ್ಕಳಿಗೆ ಚಿತ್ರದುರ್ಗದ ಒನಕೆ ಓಬವ್ವನ ಕಥೆ ಹೇಳುತ್ತೇವೆ, ಹೆಮ್ಮೆಯಿಂದಲೇ ಹೇಳಬೇಕು. ಆದರೆ ಓಬವ್ವನ ವೈರಿ ಕೋಟೆಯ ಹೊರಗಿನಿಂದ ಬಂದ. ಕಿಂಡಿಯಲ್ಲಿ ಒಬ್ಬೊಬ್ಬನಾಗಿ ತಲೆ ಹಾಕಿದ. ನಮ್ಮ ತಂಗಿಯ ಭಯ ಒಳಗೇ ಉಣ್ಣುತ್ತದೆ, ಒಳಗೇ ಮಲಗುತ್ತದೆ. ಒನಕೆ ಎಲ್ಲಿದೆ, ಕುಡಗೋಲು ಎಲ್ಲಿದೆ ಎಂಬುದು ಅವನಿಗೂ ಗೊತ್ತು. ಮನೆಯೊಳಗೆ ಎಳೆದಾಟ ನಡೆದರೆ ಆಯುಧ ತೋಳಿನ ಬಲ ಹೆಚ್ಚಿದ್ದವನ ಪಾಲಾಗುತ್ತದೆ. ಅಮೆರಿಕದ 11 ನಗರಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಹೊಡೆಯುವ ಗಂಡಸಿನ ಕೈಗೆ ಬಂದೂಕು ಎಟಕುವಂತಿದ್ದರೆ ಹೆಂಗಸು ಕೊಲೆಯಾಗುವ ಅಪಾಯ ಸುಮಾರು 5 ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ಅಲ್ಲಿ ಬಂದೂಕು, ಇಲ್ಲಿ ಕೊಡಲಿ. ಅಪಾಯದ ದಾರಿ ಒಂದೇ.

ಇದು ಒಂದಿಬ್ಬರ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲೇ ಅತಿ ಹೆಚ್ಚು. ಇಪ್ಪತ್ತು ಜನರ ಸಂಘದಲ್ಲಿ ಎಂಟೊಂಬತ್ತು ಮಂದಿ ಎಂದಾಯಿತು. ನಿಮ್ಮ ಪಕ್ಕ ಕುಳಿತವರ ಮುಖ ಒಮ್ಮೆ ನೋಡಿ.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆಯನ್ನು ಬದಲಿಸೋಣ. ನಾನು ಯಾವ ಆಯುಧ ಇಟ್ಟುಕೊಳ್ಳಲಿ ಎಂಬುದಕ್ಕಿಂತ ಮೊದಲು, ಅವನ ಕೈಯ ಆಯುಧವನ್ನು ತೆಗೆಸುವುದು ಹೇಗೆ ಎಂದು ಕೇಳೋಣ. ಇದಕ್ಕೆ ಕಾಯ್ದೆಯಲ್ಲಿ ದಾರಿ ಇದೆ, ನಮಗೆ ಅದನ್ನು ಯಾರೂ ಹೇಳಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 2006ರಲ್ಲಿ ಬಂದ ನಿಯಮಗಳಲ್ಲಿ 10ನೆಯದನ್ನು ನೋಡಿ. ಮ್ಯಾಜಿಸ್ಟ್ರೇಟರು ಲಿಖಿತ ಆದೇಶ ಕೊಟ್ಟರೆ, ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ರಕ್ಷಣಾಧಿಕಾರಿಯು ಪೊಲೀಸರ ನೆರವು ಪಡೆದು ವಶಕ್ಕೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ರಕ್ಷಣಾಧಿಕಾರಿ ಎಂದರೆ ಅಂಗನವಾಡಿ ಟೀಚರಿಗೆ ಚೆನ್ನಾಗಿ ಗೊತ್ತಿರುವ ಸಿಡಿಪಿಓ ಅವರೇ. ಅರ್ಜಿಯಲ್ಲಿ "ಕೊಡಲಿ ತೋರಿಸಿ ಹೆದರಿಸುತ್ತಾನೆ, ಅದನ್ನು ವಶಪಡಿಸಿಕೊಳ್ಳಬೇಕು" ಎಂದು ಬರೆಸಿ. ಬರೆಸದಿದ್ದರೆ ಯಾರೂ ತಾವಾಗಿ ಕೇಳುವುದಿಲ್ಲ. ತುರ್ತಿದ್ದರೆ ಎದುರಾಳಿಯನ್ನು ಕರೆಸುವ ಮೊದಲೇ ತಾತ್ಕಾಲಿಕ ಆದೇಶ ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ವಕೀಲರ ಫೀಯ ಚಿಂತೆಯೂ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ; ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಹಾನಗಲ್ಲ, ಹಿರೇಕೆರೂರಿನ ಕಾಡಂಚಿನ ಹಳ್ಳಿಗಳಲ್ಲಿ ಹಂದಿ ಕಾಟಕ್ಕೆಂದು ಬಂದೂಕಿನ ಲೈಸೆನ್ಸ್ ಪಡೆದ ಮನೆಗಳಿದ್ದರೆ, ಅಲ್ಲಿಯ ಸೊಸೆಯಂದಿರು ಇದನ್ನು ಮುಖ್ಯವಾಗಿ ತಿಳಿಯಬೇಕು. ಲೈಸೆನ್ಸ್ ಪಡೆದವನು ಬಂದೂಕು ಹಿಡಿಯಲು ಅಯೋಗ್ಯನೆಂದು ಅಥವಾ ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆಂದು ಕಂಡರೆ ಅದನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಅಧಿಕಾರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಲ್ಲಿ ಜಿಲ್ಲಾಧಿಕಾರಿಗಳಿಗಿದೆ. ಚುನಾವಣೆ ಬಂದಾಗ ಲೈಸೆನ್ಸ್ ಇದ್ದ ಬಂದೂಕುಗಳನ್ನೂ ಠಾಣೆಗೆ ಒಪ್ಪಿಸಿ ಎಂದು ಆದೇಶ ಹೊರಡುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಒಂದು ದಿನದ ಮತದಾನದ ಶಾಂತಿಗೆ ಬಂದೂಕು ಠಾಣೆಗೆ ಹೋಗಬಹುದಾದರೆ, ಒಂದು ಹೆಣ್ಣಿನ ಜೀವಮಾನದ ಶಾಂತಿಗೆ ಏಕೆ ಹೋಗಬಾರದು?

ಇನ್ನು ಸಂಘದ ಕೆಲಸ. ಪೆಟ್ಟು ತಿಂದವಳೇ ದೂರು ಕೊಡಬೇಕೆಂದಿಲ್ಲ. ದೌರ್ಜನ್ಯ ನಡೆದಿದೆ, ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿದ್ದ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ದಾವೆಯೂ ನಿಲ್ಲುವುದಿಲ್ಲ ಎಂದು 4ನೇ ಕಲಮು ಹೇಳುತ್ತದೆ. 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ, ಈ ಎರಡು ಸಂಖ್ಯೆ ಪ್ರತಿ ಸದಸ್ಯೆಗೂ ಬಾಯಿಪಾಠವಾಗಿರಲಿ. ಹೊಡೆದ ದಿನಾಂಕ, ಗಾಯ, ಆಸ್ಪತ್ರೆಯ ಚೀಟಿ ಎಲ್ಲವೂ ನಂಬಿಕೆಯ ಒಬ್ಬ ಗೆಳತಿಯ ಬಳಿ ಇರಲಿ. ರಾತ್ರಿ ಒಂದು ಮನೆಯಲ್ಲಿ ತಾಟು ಬಡಿದ ಸದ್ದು ಕೇಳಿದರೆ ಹತ್ತು ಮನೆಯ ಹೆಂಗಸರು ಕಂದೀಲು, ಬ್ಯಾಟರಿ ಹಿಡಿದು ಆ ಬಾಗಿಲಿಗೆ ಹೋಗುವುದೆಂದು ಸಂಘದಲ್ಲಿ ಠರಾವು ಮಾಡಿ. ಹತ್ತು ಜನ ನಿಂತ ಅಂಗಳದಲ್ಲಿ ಎತ್ತಿದ ಕೈ ಇಳಿಯುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಸಂಘಗಳು ಕೂಡಿ ಜಿಲ್ಲಾಧಿಕಾರಿಗಳಿಗೆ ಎರಡು ಬೇಡಿಕೆ ಸಲ್ಲಿಸೋಣ. ಒಂದು, ಹೆಂಡತಿಯನ್ನು ಹೊಡೆದ ದೂರು ದಾಖಲಾದ ಕೂಡಲೇ ಆ ಮನೆಯಲ್ಲಿ ಬಂದೂಕಿನ ಲೈಸೆನ್ಸ್ ಇದೆಯೇ ಎಂದು ನೋಡಬೇಕು, ಇದ್ದರೆ ಅಮಾನತಿನಲ್ಲಿಡಬೇಕು. ಎರಡು, ರಕ್ಷಣಾಧಿಕಾರಿಯ ಹೆಸರು ಮತ್ತು ಫೋನ್ ನಂಬರು ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕು.

ಆ ತಂಗಿಗೆ ಕೊಡಬೇಕಾಗಿದ್ದ ಉಳಿದರ್ಧ ಉತ್ತರ ಹೀಗಿದೆ. ತಂಗಿ, ನಿನ್ನ ಕುಡಗೋಲು ತಪ್ಪಲ್ಲ. ಅದನ್ನು ದಿಂಬಿನ ಬುಡಕ್ಕೆ ತಂದ ಮನೆಯದು ತಪ್ಪು. ಗೊತ್ತಿದ್ದೂ ಉಳಿತಾಯದ ಲೆಕ್ಕ ಮುಗಿಸಿ ಎದ್ದುಹೋದ ನಮ್ಮದೂ ತಪ್ಪು. ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲು ನಿನ್ನ ಮಾತು ಕೇಳುತ್ತೇವೆ.